ಬಯಲೊಲೆಯ ನಂಬರು

"ಮೇಷ್ಟ್ರ, ಅದರಾಗ ನನ್ನ ಹೆಸರು ಎಲ್ಲೈತಿ? ಓದ್ರಿ," ಎಂದು ಲಿಂಗಕ್ಕ ತನ್ನ ಕೋಲನ್ನು ಓಣಿಗೆ ಅಡ್ಡ ಹಿಡಿದು ನಿಂತಳು.

ಜಂಬಯ್ಯ ಮೇಷ್ಟ್ರಿಗೆ ದಾಟಿಕೊಂಡು ಹೋಗಲು ಜಾಗವಿರಲಿಲ್ಲ. ಗೋನೆಗಂಡ್ಲದ ಕುರುಬರ ಓಣಿಯೆಂದರೆ ಎದುರುಬದುರು ಎರಡು ಎಮ್ಮೆ ಬಂದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಮೇಷ್ಟ್ರ ಒಂದು ಕೈಯಲ್ಲಿ ಡಾಂಬರಿನ ಡಬ್ಬಿ, ಇನ್ನೊಂದರಲ್ಲಿ ಕುಂಚ, ಕಂಕುಳಲ್ಲಿ ಸರ್ಕಾರದ ಚೀಟಿಗಳ ಕಟ್ಟು. ಅದು ನಲವತ್ತೊಂದನೆಯ ಇಸವಿ, ಶಿವರಾತ್ರಿಯ ಹಿಂದಿನ ವಾರ. ದೇಶದ ಮಂದಿಯನ್ನೆಲ್ಲ ಎಣಿಸುವ ಖಾನೇಸುಮಾರಿ ಬಂದಿತ್ತು. ಇಂಥ ಕೆಲಸ ಬಂದಾಗೆಲ್ಲ ಸರ್ಕಾರಕ್ಕೆ ಮೊದಲು ನೆನಪಾಗುವವರು ಬಡ ಮೇಷ್ಟ್ರುಗಳೇ. ಮನೆಮನೆಯ ಬಾಗಿಲಿಗೆ ನಂಬರು ಬಳಿದು, ಒಳಗಿದ್ದವರನ್ನು ಬರೆದುಕೊಳ್ಳುತ್ತ ಮೇಷ್ಟ್ರು ಆ ಓಣಿಯ ಕೊನೆಗೆ ಬಂದಿದ್ದರು.

"ನಿನ್ನ ಹೆಸರು ನಿಮ್ಮ ಮೈದುನ ಬಜಾರಪ್ಪನ ಮನಿಯಾಗ ಐತಿ ತಾಯಿ," ಎಂದರು.

"ಏನಂತ ಐತಿ?"

ಮೇಷ್ಟ್ರು ಡಬ್ಬಿಯನ್ನು ಕೆಳಗಿಟ್ಟು ಚೀಟಿ ಹುಡುಕಿ ಓದಿದರು. "ಲಿಂಗಕ್ಕ. ವಿಧವೆ. ಯಜಮಾನನ ಅತ್ತಿಗಿ. ಉದ್ಯೋಗ ಇಲ್ಲ. ಪೂರಾ ಯಜಮಾನನ ಆಧಾರದ ಮ್ಯಾಲ."

ಲಿಂಗಕ್ಕ ಕೂಗಾಡುವ ಹೆಂಗಸಲ್ಲ. ಕೂಗಾಡಿದ್ದರೆ ಓಣಿಯವರಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ನಿಧಾನವಾಗಿ ತಿರುಗಿ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬಜಾರಪ್ಪನನ್ನು ನೋಡಿದಳು.

"ಯಾಕಪಾ ಬಜಾರಪ್ಪ, ನಾನು ನಿನ್ನ ಆಧಾರದ ಮ್ಯಾಲ ಅದೀನೇನು?"

"ಬರಿಯಾದು ಹಂಗ ಅತ್ತಿಗಿ. ಮನಿಗೊಬ್ಬ ಗಂಡಸು ಯಜಮಾನ, ಅವನ ಕೆಳಗ ಉಳಿದವರು. ನಾನೇನು ನಿನ್ನ ಹೊರಗ ಹಾಕಿನೇನು? ಮನಿಯಾಗ ಬರಿಸೀನಿ ನೋಡು," ಎಂದು ಬಜಾರಪ್ಪ ಎಲೆಯನ್ನು ಬಾಯಿಗಿಟ್ಟುಕೊಂಡ. ಉಪಕಾರ ಮಾಡಿದವನ ಮುಖ ಇತ್ತು ಅವನದು.

ಓಣಿಯವರಿಗೆ ನಿಜ ಗೊತ್ತಿತ್ತು, ಆದರೆ ಗೊತ್ತಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಓಣಿ ಅದಲ್ಲ. ಲಿಂಗಕ್ಕ ಮದುವೆಯಾಗಿ ಬರುವಾಗ ತವರಿನವರು ಬಳುವಳಿಯಾಗಿ ಒಂದು ಹೆಣ್ಣು ಕುರಿ ಕೊಟ್ಟಿದ್ದರು. ಬಳುವಳಿ ಕುರಿಯ ಸಂತಾನವೆಲ್ಲ ಹೆಣ್ಣುಮಗಳದು. ಅದರ ಕಿವಿಯ ಗುರುತೇ ಬೇರೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಮನೆಯಲ್ಲಿ ಕೂರದೆ ಕೋಲು ಹಿಡಿದು ಹೊರಟಳು. ಈಗ ಆ ಒಂದು ಕುರಿಯ ಹೊಟ್ಟೆಯಿಂದ ಬಂದ ಮಂದೆ ಎರೆಹೊಲದ ಈ ಬದುವಿನಿಂದ ಆ ಬದುವಿನವರೆಗೆ ಬೆಳ್ಳಗೆ ಕರ್ರಗೆ ಹರಡುತ್ತಿತ್ತು. ಜೋಳ ಕೊಯ್ದ ಹೊಲಗಳಲ್ಲಿ ರೈತರು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆಯ ಗೊಬ್ಬರಕ್ಕೆ ಬದಲು ಜೋಳ ಅಳೆದು ಕೊಡುತ್ತಾರೆ. ಲಿಂಗಕ್ಕ ಹೊಲದಲ್ಲಿ ಚೀಲ ಎಲ್ಲಿಡಬೇಕು? ಎಲ್ಲ ಜೋಳವೂ ಊರೊಳಗೆ ಬಜಾರಪ್ಪನ ಮನೆಗೆ ಹೋಗಿ ಬೀಳುತ್ತಿತ್ತು. ಎರಡು ವರ್ಷದ ಕೆಳಗೆ ಬೇನೆ ಬಂದು ಬಜಾರಪ್ಪನ ಸ್ವಂತ ಕುರಿಗಳೆಲ್ಲ ಸತ್ತವು. ಅಂದಿನಿಂದ ಅವನ ಹೆಂಡತಿ ಮಕ್ಕಳು ಉಣ್ಣುವ ರೊಟ್ಟಿ ಲಿಂಗಕ್ಕನ ಮಂದೆಯದು. ಚೀಲಗಳು ಬಂದು ಇಳಿಯುವ ಬಾಗಿಲು ಅವನದಾದ್ದರಿಂದ ಯಜಮಾನಿಕೆಯೂ ಅವನದೇ ಎಂದು ಅವನು ತಿಳಿದಿದ್ದ.

ಬರೀ ತಿಳಿದುಕೊಂಡಿದ್ದರೆ ಲಿಂಗಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಈಚೆಗೆ ಅವನು ಅಲ್ಲಲ್ಲಿ ಒಂದು ಮಾತು ಆಡತೊಡಗಿದ್ದ: ಮಂದೆ ಮನೆತನದ್ದು, ಉಗಾದಿ ಕಳೆದ ಮೇಲೆ ಕೋಲು ನಾನೇ ಹಿಡಿಯುತ್ತೇನೆ, ಅತ್ತಿಗೆ ಒಲೆ ಮುಂದೆ ಕೂತುಕೊಂಡು ಇರಲಿ. ನಾಳೆ ಪಂಚರು ಕೂತಾಗ, ಸರ್ಕಾರದ ಕಾಗದದಲ್ಲೇ ಇವಳಿಗೆ ಉದ್ಯೋಗ ಇಲ್ಲ ಅಂತ ಇದೆಯಲ್ಲ ಎಂದುಬಿಟ್ಟರೆ ಅವಳು ಏನು ಹೇಳಬೇಕು?

"ಮೇಷ್ಟ್ರ, ಈ ಚೀಟಿ ಎಲ್ಲಿಗೆ ಹೋಗ್ತಾವ?"

"ಇಲ್ಲಿಂದ ಆದವಾನಿಗೆ, ಅಲ್ಲಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಮದ್ರಾಸಿಗೆ. ಕಡೀಗೆ ದಿಲ್ಲಿಗೆ. ಈ ದೇಶದಾಗ ಮಂದಿ ಎಷ್ಟು, ಒಕ್ಕಲುತನ ಮಾಡೋರು ಎಷ್ಟು, ನೇಯೋರು ಎಷ್ಟು, ಕುರಿ ಕಾಯೋರು ಎಷ್ಟು, ಎಲ್ಲಾ ಕೂಡಿಸಿ ದೊಡ್ಡ ಪುಸ್ತಕ ಮಾಡ್ತಾರ."

"ಅದರಾಗ ಕುರಿ ಕಾಯೋರ ಲೆಕ್ಕದಾಗ ನಾನು ಬರಂಗಿಲ್ಲ."

"ಹಿಂಗ ಬರದ್ರ ಬರಂಗಿಲ್ಲ."

"ಕುಂತು ಉಣ್ಣೋರ ಲೆಕ್ಕದಾಗ ಬರ್ತೀನಿ."

ಮೇಷ್ಟ್ರು ಚೀಟಿಯನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದರು. ಅವರಿಗೆ ನಾಚಿಕೆಯಾಯಿತು. ಅವರೂ ಆ ಮಂದೆಯನ್ನು ಎಷ್ಟೋ ಸಲ ನೋಡಿದ್ದವರೇ, ಆದರೆ ಬಜಾರಪ್ಪ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡುಬಿಟ್ಟಿದ್ದರು.

"ಬ್ಯಾರೆ ಮನಿ ಅಂತ ಬರೀಬೇಕಾದ್ರ ಏನಿರಬೇಕ್ರಿ? ಗ್ವಾಡಿ ಇರಬೇಕೇನು, ಬಾಗಿಲಿರಬೇಕೇನು?"

"ಗೋಡಿ ಬಾಗಿಲ ಮಾತಲ್ಲ," ಎಂದು ಮೇಷ್ಟ್ರು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ನೆನೆಸಿಕೊಂಡರು. "ಒಂದು ಒಲಿ ಮ್ಯಾಲ ಬೇಸಿದ್ದನ್ನ ಉಣ್ಣೋರೆಲ್ಲಾ ಒಂದು ಮನಿ. ಒಲಿ ಬ್ಯಾರೆ ಆದ್ರ ಮನಿ ಬ್ಯಾರೆ."

"ಹಂಗಂದ್ರ ಡಬ್ಬಿ ತಗೊಳ್ರಿ," ಎಂದು ಲಿಂಗಕ್ಕ ಕೋಲನ್ನು ಹೆಗಲಿಗೆ ಏರಿಸಿದಳು. "ಸರ್ಕಾರಕ್ಕ ಇಷ್ಟು ಬುದ್ಧಿ ಐತಿ ಅಂತ ನನಗ ಗೊತ್ತಿರಲಿಲ್ಲ ನೋಡ್ರಿ."

ಊರ ಹೊರಗೆ ಪಂಪಣ್ಣನ ಜೋಳದ ಹೊಲದಲ್ಲಿ ಅವಳ ಮಂದೆ ಇಳಿದಿತ್ತು. ತಡಿಕೆ ಕಟ್ಟಿದ ಹಟ್ಟಿ, ಅದರ ಪಕ್ಕದಲ್ಲಿ ಎರಡು ಕಂಬಳಿ ಹೊದಿಸಿದ ಸಣ್ಣ ಗೂಡು, ಅದರ ಮುಂದೆ ಮೂರು ಕಲ್ಲಿನ ಒಲೆ. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಲಿಂಗಕ್ಕ, ಅವಳ ಜೊತೆ ಕುರಿ ಕಾಯುವ ಮುದುಕ ಮೂಕಪ್ಪ, ಇಬ್ಬರೂ ಅದರ ಮೇಲೆ ಬೇಯಿಸಿದ್ದನ್ನೇ ಉಣ್ಣುತ್ತಿದ್ದರು. ಮೇಷ್ಟ್ರು ಸುತ್ತ ನೋಡಿದರು. ನಂಬರು ಬಳಿಯಲು ಬಾಗಿಲಿಲ್ಲ, ಕಂಬವಿಲ್ಲ. ಕೊನೆಗೆ ಮಂಡಿಯೂರಿ ಕೂತು, ಒಲೆಯ ದೊಡ್ಡ ಕಲ್ಲಿನ ಹೊರಮೈಗೆ ಡಾಂಬರಿನಿಂದ ನೂರಾ ಹದಿಮೂರು ಎಂದು ಬರೆದರು. ಅದು ಅವರ ಪಾಲಿಗೆ ಬಂದ ಮನೆಗಳಲ್ಲಿ ಕಟ್ಟಕಡೆಯದು.

"ಚೆಂದ ಬರದ್ರಿ. ಊರ ರೆಡ್ಡಿ ಮನಿ ಬಾಗಿಲಿಗೂ ಇದೇ ಡಾಂಬರ ಅಲ್ರಿ?" ಎಂದು ಲಿಂಗಕ್ಕ ಕೇಳಿದಳು.

"ಇದೇ ಡಬ್ಬೀದು."

ಅವಳು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಕ್ಷರ ಗೊತ್ತಿಲ್ಲದಿದ್ದರೂ ಆ ಅಂಕಿ ತನ್ನದು ಎಂಬಷ್ಟು ಗೊತ್ತಿತ್ತು, ಅಷ್ಟೇ ಸಾಕಾಗಿತ್ತು. ಮೇಷ್ಟ್ರು ಹಳೆಯ ಚೀಟಿಯನ್ನು ರದ್ದು ಮಾಡಿ, ಎಲ್ಲ ಪ್ರಶ್ನೆಗಳನ್ನೂ ಅವಳನ್ನೇ ಕೇಳಿ ಹೊಸದು ಬರೆದರು. ಕುರಿ ಎಷ್ಟು ಎಂದು ಸುಮ್ಮನೆ ತಿಳಿಯುವ ಆಸೆಗೆ ಕೇಳಿದ್ದಕ್ಕೆ ಮಾತ್ರ ಅವಳು ಕೆರಳಿದಳು. "ಮಂದೀನ ಎಣಿಸಾಕ ಬಂದೀರಿ, ಮಂದಿ ಎಣಿಸಿಕೊಂಡು ಹೋಗ್ರಿ. ಕುರಿ ಎಣಿಸಬಾರದು, ಎಣಿಸಿದ್ರ ದೃಷ್ಟಿ ಆಗ್ತೈತಿ."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಂಪಣ್ಣನ ಹೊಲದ ಸರದಿ ಮುಗಿಯಿತು, ಮಂದೆ ಆಚೆಯ ಹೊಲಕ್ಕೆ ಹೋಗಬೇಕಾಯಿತು. ಕುರುಬರು ಬೀಡು ಎತ್ತುವಾಗ ಒಲೆಯನ್ನು ಹಾಗೇ ಬಿಟ್ಟು ಹೋಗುವುದಿಲ್ಲ. ಬೂದಿ ಚೆಲ್ಲಿ, ಕಲ್ಲು ಕೆಡವಿ, ಯಾವ ಬದುವಿನಿಂದ ತಂದಿದ್ದರೋ ಆ ಬದುವಿಗೇ ಎಸೆದು ಹೋಗುತ್ತಾರೆ. ಬಿಟ್ಟುಹೋದ ಒಲೆಯ ಮೇಲೆ ದೆವ್ವಗಳು ಅಡಿಗೆ ಮಾಡುತ್ತವೆ. ಕೆಡವಿದ ಒಲೆಯ ಕಲ್ಲನ್ನು ಮತ್ತೆ ಹೂಡಿದರೆ ಮಂದೆಗೆ ಬೇನೆ ಬರುತ್ತದೆ. ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ ಹೇಳಿದ್ದು. ಲಿಂಗಕ್ಕನ ಕೈಕಾಲಿಗೆ ಆ ಕೆಲಸ ಎಷ್ಟು ರೂಢಿಯೆಂದರೆ, ಬೆಳಗಾಗೆದ್ದು ಕಲ್ಲುಗಳನ್ನು ಬದುವಿಗೆ ಎಸೆದು, ತಡಿಕೆಗಳನ್ನು ಮೂಕಪ್ಪನ ತಲೆಗೆ ಹೊರಿಸಿ ಹೊರಟೇಬಿಟ್ಟಳು. ನಂಬರು ಬರೆದ ಕಲ್ಲು ಕೂಡ ಬದುವಿನ ಜಾಲಿಗಿಡದ ಕೆಳಗೆ ಬೋರಲಾಗಿ ಬಿತ್ತು. ಅದು ತನ್ನ ಮನೆ ಎಂಬ ನೆನಪೇ ಆ ಹೊತ್ತಿನಲ್ಲಿ ಅವಳಿಗೆ ಬರಲಿಲ್ಲ.

ಮಾರನೆಯ ದಿನ ಆದವಾನಿಯಿಂದ ತಪಾಸಣೆಗೆ ಮೌಲಾಲಿ ಸಾಹೇಬರು ಸೈಕಲ್ಲಿನ ಮೇಲೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಟೋಪಿಯ ಅಂಚು ಒದ್ದೆಯಾಗಿತ್ತು. ಓಣಿಯ ಬಾಗಿಲುಗಳನ್ನು ಒಂದೊಂದೇ ನೋಡುತ್ತ ಬಂದವರಿಗೆ ಬಜಾರಪ್ಪ ತೆಲುಗಿನಲ್ಲಿ, "ದಯಚೇಯಂಡಿ ದೊರಾ," ಎಂದು ಬರಮಾಡಿಕೊಂಡು ಕಂಬಳಿ ಹಾಸಿದ. ಅರವತ್ತೊಂದರಲ್ಲಿ, ಅಂದರೆ ಅವನದೇ ಮನೆಯಲ್ಲಿ, ಒಬ್ಬಳ ಹೆಸರು ಹೊಡೆದುಹಾಕಿದ್ದು ಏಕೆ ಎಂದು ಸಾಹೇಬರು ಕೇಳಿದ್ದೇ ತಡ, ಅವನು ಮೇಷ್ಟ್ರ ಮೇಲೆ ದೂರು ಹೇಳಿಬಿಟ್ಟ. "ಇಲ್ಲದ ಮನಿಗೆ ನಂಬರು ಕೊಟ್ಟಾರ್ರಿ ಸಾಹೇಬ್ರ. ಬರ್ರಿ, ಕಣ್ಣಾರೆ ತೋರಸ್ತೀನಿ."

ಸಾಹೇಬರು, ಮೇಷ್ಟ್ರು, ಬಜಾರಪ್ಪ ಮೂವರೂ ಪಂಪಣ್ಣನ ಹೊಲಕ್ಕೆ ಬಂದರು. ಖಾಲಿ ಹೊಲ, ಕುರಿ ಹಿಕ್ಕೆ, ಗಾಳಿಗೆ ಹಾರಿಹೋಗಿ ಉಳಿದಿದ್ದ ಒಂದಿಷ್ಟು ಬೂದಿ. ಮೇಷ್ಟ್ರು ಬದುವಿನಲ್ಲಿ ಹುಡುಕಾಡಿ, ಮುಳ್ಳು ಚುಚ್ಚಿಸಿಕೊಂಡು ಕಲ್ಲನ್ನು ಮಗುಚಿದರು. ಡಾಂಬರು ಕಂಡಿತು.

"ಇದು ನೂರಾ ಹದಿಮೂರು?" ಎಂದರು ಸಾಹೇಬರು.

"ಹೌದ್ರಿ ಸಾಹೇಬ್ರ."

"ಅರೆ ಮೇಷ್ಟ್ರೆ, ಇದು ಪತ್ಥರ್ ಐತಿ. ನಾನು ಆದವಾನಿಗೆ ಹೋಗಿ ಏನಂತ ಹೇಳ್ಲಿ? ಬದುವಿನ ಪತ್ಥರಿನಾಗ ಒಬ್ಬ ಹೆಂಗಸು, ಒಬ್ಬ ಗಂಡಸು ಸಂಸಾರ ಮಾಡ್ತಾರ ಅಂತ ಹೇಳ್ಲೇನು?"

ಬಜಾರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರು ಒಲೆಯ ಕಟ್ಟಳೆಯನ್ನು ಹೇಳಿ ನೋಡಿದರು. ಸಾಹೇಬರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಇನ್ನೂ ನೋಡಬೇಕಾದ ಊರುಗಳಿದ್ದವು. "ಒಲೆ ಎಲ್ಲೈತಿ ತೋರಿಸ್ರಿ. ಇಲ್ಲ ಅಂದ್ರ ಈ ನಂಬರು ತೆಗೀರಿ, ಆಕಿನ್ನ ಮೊದಲಿನ ಮನಿಗೇ ಸೇರಿಸ್ರಿ," ಎಂದು ಪೆನ್ಸಿಲನ್ನು ಕಿವಿಯಿಂದ ತೆಗೆದರು.

ಎರಡು ಹೊಲದ ಆಚೆ ನಿಂತಿದ್ದ ಲಿಂಗಕ್ಕನಿಗೆ ಟೋಪಿಯವರು ಬದುವಿನಲ್ಲಿ ಬಗ್ಗಿ ನೋಡುತ್ತಿರುವುದು ಕಂಡಿತ್ತು. ಏನಾಯಿತೆಂದು ಅವಳಿಗೆ ಆಗ ಹೊಳೆಯಿತು. ಅಯ್ಯೋ ನನ್ನ ಕೈ ಕಡಿಯಾ, ನನ್ನ ಮನೆಯನ್ನು ನಾನೇ ಕೆಡವಿ ಬಂದೆನಲ್ಲ ಎಂದು ಹಣೆ ಚಚ್ಚಿಕೊಂಡು, ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಕೂಳೆಯ ಮೇಲೆ ಓಡಿಬಂದಳು.

"ಸಾಹೇಬ್ರ, ಬರೀಬ್ಯಾಡ್ರಿ, ತಡೀರಿ."

"ನೀನೇನಮ್ಮಾ ಲಿಂಗಕ್ಕ? ಎಲ್ಲಿ ನಿನ್ನ ಮನಿ?"

"ನಾನಿದ್ದಲ್ಲಿ ಐತ್ರಿ."

"ಇವತ್ತಿಲ್ಲಿ, ನಾಳೆ ಅಲ್ಲಿ. ಹಂಗಾದ್ರ ಅದನ್ನ ಹುಡುಕೋದು ಹ್ಯಾಂಗ?"

"ಒಲಿ ಹೊಗಿ ಏಳೋದು ನೋಡಿಕೊಂಡು ಬರ್ರಿ. ನಾನು ಈ ಸೀಮಿ ಬಿಟ್ಟು ಎಲ್ಲಿಗೆ ಹೋಗ್ತೀನಿ?"

ಸಾಹೇಬರು ತಲೆ ಅಲ್ಲಾಡಿಸಿದರು. "ನಂಬರು ಇಲ್ಲಿ ಬಿದ್ದೈತಿ, ಒಲೆ ಅಲ್ಲಿ ಉರೀತೈತಿ. ನಾನು ಯಾವುದನ್ನ ನಂಬಲಿ? ನಂಬರು ಇರೋ ಕಡೆ ಒಲೆ ಇರಬೇಕು."

ಲಿಂಗಕ್ಕ ಕಲ್ಲನ್ನು ನೋಡಿದಳು. ಕೆಡವಿದ ಕಲ್ಲು. ಇದನ್ನು ಮತ್ತೆ ಹೂಡಿದರೆ ಮಂದೆಗೆ ಬೇನೆ. ಬಜಾರಪ್ಪನ ಕುರಿಗಳು ಬಾಯಿಂದ ಜೊಲ್ಲು ಸುರಿಸಿ ಸಾಲಾಗಿ ಸತ್ತದ್ದನ್ನು ಅವಳು ಕಂಡಿದ್ದಳು. ಒಂದೊಂದನ್ನೂ ತಾನೇ ಕುಣಿ ತೋಡಿ ಹೂಳಿದ್ದಳು. ಅವಳಿಗೆ ಹೆದರಿಕೆಯಾಯಿತು. ಗಂಡ ಸತ್ತಾಗಲೂ ಇಷ್ಟು ಹೆದರಿರಲಿಲ್ಲ. ಬಜಾರಪ್ಪನಿಗೂ ಆ ನಿಯಮ ಗೊತ್ತಿತ್ತು. ಅದಕ್ಕೇ ಅವನು ತೋಳು ಕಟ್ಟಿಕೊಂಡು ಆರಾಮಾಗಿ ನಿಂತಿದ್ದ.

"ಅತ್ತಿಗಿ, ಸುಮ್ಮನ ಮನಿಗೆ ನಡಿ. ಕುರಿ ಜೀವಕ್ಕಿಂತ ನಂಬರು ಹೆಚ್ಚೇನು?"

ಆ ಮಾತು ಆಡದೆ ಇದ್ದಿದ್ದರೆ ಅವಳು ಹಿಂಜರಿಯುತ್ತಿದ್ದಳೋ ಏನೋ. ಸೆರಗನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡಳು. "ಮೇಷ್ಟ್ರ, ಒಂದು ಕೈ ಹಚ್ಚಿ ಎತ್ರಿ," ಎಂದಳು. ಮೇಷ್ಟ್ರು ಎತ್ತಿ ಕೊಟ್ಟರು. ಕಲ್ಲು ಹೊತ್ತು ಅವಳು ಮುಂದೆ ನಡೆದಳು. ಹಿಂದೆ ಮೇಷ್ಟ್ರು, ಅವರ ಹಿಂದೆ ಸೈಕಲ್ಲು ತಳ್ಳಿಕೊಂಡು ಸಾಹೇಬರು, ಕೊನೆಗೆ ಬಜಾರಪ್ಪ.

ಹೊಸ ಬೀಡಿನಲ್ಲಿ ಒಲೆ ಉರಿಯುತ್ತಿತ್ತು. ಲಿಂಗಕ್ಕ ಅದರ ಒಂದು ಕಲ್ಲನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತನ್ನ ಕಲ್ಲನ್ನು ಇಟ್ಟಳು. ನಂಬರು ಹೊರಕ್ಕೆ ಕಾಣಬೇಕೆಂದು ಎರಡು ಸಲ ತಿರುಗಿಸಿದಳು. ಆಮೇಲೆ ಗೂಡಿನೊಳಗಿನ ಚೀಲದಿಂದ ಕುಲದೇವರು ಬೀರಪ್ಪನ ಭಂಡಾರ ತಂದು, ಆ ಅರಿಶಿನ ಪುಡಿಯನ್ನು ಕಲ್ಲಿಗೆ ಹಚ್ಚಿ ಕೈಮುಗಿದಳು.

"ಬೀರಪ್ಪಾ, ನಿನ್ನ ಕಟ್ಟು ಮುರದೀನಿ. ಮುರದಾಕಿ ನಾನು. ಏನು ಮಾಡಾದಿದ್ರೂ ನನಗ ಮಾಡು. ಮೂಕ ಜೀವಕ್ಕ ಏನೂ ಮಾಡಬ್ಯಾಡ."

ದೂರದಲ್ಲಿ ಕುರಿ ಮೇಯಿಸುತ್ತಿದ್ದ ಮೂಕಪ್ಪ ಇದನ್ನು ಕಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಲಿಂಗಕ್ಕ ಅತ್ತ ನೋಡಲಿಲ್ಲ. ಹಂಚು ಇಟ್ಟಳು, ಹಿಟ್ಟು ನಾದಿದಳು, ಅಂಗೈಯಿಂದ ರೊಟ್ಟಿ ಬಡಿಯತೊಡಗಿದಳು. ಬಡಿತದ ಸದ್ದಿಗೆ ಸಾಹೇಬರ ಹೊಟ್ಟೆ ಚುರ್ ಎಂದಿತು. ಅವರು ಮೆಲ್ಲಗೆ ಸೈಕಲ್ಲನ್ನು ತಡಿಕೆಗೆ ಒರಗಿಸಿದರು.

"ಕುಂದರ್ರಿ ಸಾಹೇಬ್ರ. ಬಿಸಿಲಾಗ ಬಂದೀರಿ. ಉಣ್ರಿ, ಆಮ್ಯಾಲ ಇದು ಮನಿ ಅಲ್ಲ ಅಂತ ಬರಕೊಳ್ರಿ."

"ಉಂಡ ಮನಿ ಜಂತಿ ಎಣಿಸಬಾರದು ಅಂತಾರಲ್ಲಮ್ಮಾ," ಎಂದು ಸಾಹೇಬರು ನಗುತ್ತ ಕೂತರು.

"ಎಣಿಸಾಕ ನನ್ನ ಮನಿಗೆ ಜಂತೀನ ಇಲ್ಲ, ಬಿಡ್ರಿ."

ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡೆ. ಸಾಹೇಬರು ಕೈಯಲ್ಲೇ ಹಿಡಿದು ಉಂಡರು. ಮೇಷ್ಟ್ರೂ ಉಂಡರು. ಬಜಾರಪ್ಪನನ್ನು ಯಾರೂ ಕರೆಯಲಿಲ್ಲ. ಅವನು ಸ್ವಲ್ಪ ದೂರದಲ್ಲಿ, ಹೋಗಲೂ ಆಗದೆ ಬರಲೂ ಆಗದೆ ನಿಂತಿದ್ದ. ಕೈ ತೊಳೆದು ಸಾಹೇಬರು ಹೊಸ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತಾವೇ ಒಂದೊಂದು ಪ್ರಶ್ನೆಯನ್ನೂ ಮತ್ತೆ ಕೇಳಿದರು.

"ಮನಿ ಯಜಮಾನ?"

"ನಾನು."

"ಉದ್ಯೋಗ?"

"ಕುರಿ ಸಾಕ್ತೀನಿ. ಹೊಲಕ್ಕ ಮಂದೆ ನಿಲ್ಲಿಸ್ತೀನಿ. ಉಣ್ಣೆ ಕತ್ತರಿಸ್ತೀನಿ, ನೂಲು ತೆಗೀತೀನಿ."

"ಸಂಬಳಕ್ಕ ಯಾರನ್ನಾದ್ರೂ ಇಟ್ಟೀಯೇನು?"

"ಮೂಕಪ್ಪ. ವರ್ಷಕ್ಕ ಮರಿ, ಒಂದು ಕಂಬಳಿ, ಎರಡು ಹೊತ್ತು ಊಟ."

ಸಾಹೇಬರು ತಲೆ ಎತ್ತಿದರು. "ಗಂಡಾಳು! ಮಾಷಾ ಅಲ್ಲಾ. ನಾನು ನೋಡಿದ ಚೀಟಿಯೊಳಗ ಹೆಣ್ಣುಮಗಳು ಆಳು ಇಟ್ಟಿದ್ದು ಇದು ಮೊದಲನೇದು, ಮೇಷ್ಟ್ರೆ," ಎಂದು ಬರೆದುಕೊಂಡರು. "ಪೂರಾ ಆಗ್ಲಿ, ಜರಾ ಆಗ್ಲಿ, ಬ್ಯಾರೆ ಯಾರ ಆಧಾರದ ಮ್ಯಾಲಾದ್ರೂ ಅದೀಯೇನು?"

"ಬೀರಪ್ಪನ ಆಧಾರ. ಮನುಷ್ಯರದು ಇಲ್ಲ."

ಲಿಂಗಕ್ಕನ ಎದೆ ಹೊಲದಷ್ಟು ಅಗಲವಾಯಿತು. ಆ ಚೀಟಿ ಆದವಾನಿಗೆ ಹೋಗುತ್ತದೆ, ಬಳ್ಳಾರಿಗೆ, ಮದ್ರಾಸಿಗೆ, ದಿಲ್ಲಿಗೆ. ದೇಶದ ಕುರಿ ಕಾಯುವವರನ್ನೆಲ್ಲ ಕೂಡಿಸುವಾಗ ಅವಳನ್ನು ಬಿಟ್ಟು ಕೂಡಿಸಲು ಇನ್ನು ಯಾರಿಂದಲೂ ಆಗುವುದಿಲ್ಲ. ಅವಳಿಗೆ ನಗಬೇಕು ಅನ್ನಿಸಿತು, ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಒಲೆಗೆ ಹತ್ತಿಕಟ್ಟಿಗೆ ಒಟ್ಟಿದಳು.

ಸಾಹೇಬರು ಎದ್ದವರು ಏನೋ ನೆನಪಾಗಿ ಬಜಾರಪ್ಪನ ಕಡೆ ತಿರುಗಿದರು. ತಪಾಸಣೆ ಎಂದರೆ ತಪಾಸಣೆ. ಅರವತ್ತೊಂದನೆಯ ಮನೆಯದೂ ಆಗಬೇಕಿತ್ತು. ಅವನ ಚೀಟಿ ಹೊರತೆಗೆದರು.

"ನಿನ್ನ ಉದ್ಯೋಗ ಕುರಿ ಅಂತ ಐತಿ. ಕುರಿ ಎಲ್ಲಿ ಅದಾವ?"

ಬಜಾರಪ್ಪ ನೆಲ ನೋಡಿದ. "ಇದ್ವು ಸಾಹೇಬ್ರ. ಹೋದ್ವು."

"ಮತ್ತ ಜೀವನ? ಪೂರಾ ಆಗ್ಲಿ, ಜರಾ ಆಗ್ಲಿ, ಬ್ಯಾರೆ ಯಾರ ಆಧಾರದ ಮ್ಯಾಲಾದ್ರೂ ಅದೀಯೇನು?"

ಅದೇ ಪ್ರಶ್ನೆ. ಸಾಹೇಬರಿಗೆ ಮನೆಯ ಒಳಗುಟ್ಟು ಏನೂ ಗೊತ್ತಿರಲಿಲ್ಲ, ಎಲ್ಲರಿಗೂ ಕೇಳುವುದನ್ನು ಕೇಳಿದ್ದರು. ಮೇಷ್ಟ್ರಿಗೆ ಗೊತ್ತಿತ್ತು, ಅವರು ಲಿಂಗಕ್ಕನ ಕಡೆ ನೋಡಿದರು. ಒಂದೇ ಮಾತು ಸಾಕಿತ್ತು. ಬಜಾರಪ್ಪನ ಹೆಸರು, ಅವನ ಹೆಂಡತಿ ಮಕ್ಕಳ ಹೆಸರು, ಎಲ್ಲವೂ ಲಿಂಗಕ್ಕನ ಆಧಾರದ ಮೇಲೆ ಎಂದು ದಾಖಲಾಗುತ್ತಿದ್ದವು. ಓಣಿ ಆರು ತಿಂಗಳು ಆಡಿಕೊಂಡು ನಗುತ್ತಿತ್ತು. ಬಜಾರಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಯಾರ ಆಧಾರಾನೂ ಇಲ್ಲ ಅಂತ ಬರಕೊಳ್ರಿ ಸಾಹೇಬ್ರ," ಎಂದಳು ಲಿಂಗಕ್ಕ, ರೊಟ್ಟಿಯಿಂದ ಕಣ್ಣು ತೆಗೆಯದೆ. "ಕುರಿ ಹೋಗಿರಬೌದು. ನಮ್ಮ ಮೈದುನ ಕುರುಬನ ಮಗ ಅದಾನ. ಇವತ್ತಿಲ್ಲ ನಾಳೆ ಮತ್ತ ಮಂದೆ ಕಟ್ತಾನ."

ಸಾಹೇಬರು ಬರೆದುಕೊಂಡರು. ಸಲಾಮು ಮಾಡಿ ಸೈಕಲ್ಲು ಹತ್ತಿದರು. ಮೇಷ್ಟ್ರು ಚೀಟಿಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಹಿಂದೆಯೇ ಊರಿನ ದಾರಿ ಹಿಡಿದರು. ಹೊಲದಲ್ಲಿ ಅತ್ತಿಗೆ, ಮೈದುನ ಇಬ್ಬರೇ ಉಳಿದರು.

ಬಜಾರಪ್ಪ ಹತ್ತಿರ ಬಂದು, ಒಲೆಯ ಎದುರು ಕುಕ್ಕರಗಾಲಿನಲ್ಲಿ ಕೂತ. ಲಿಂಗಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಎತ್ತಿ ಪಲ್ಯ ಹಾಕಿ ಅವನ ಕಡೆ ಚಾಚಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಿಸಿಯಾಗಿತ್ತು, ಆದರೂ ಕೆಳಗಿಡಲಿಲ್ಲ.